ಹುಣ್ಣಿಮೆ ಅಮಾವಾಸ್ಯೆಗಳನ್ನು ಬರೆದಿಟ್ಟ ಕಲ್ಲು: ಪಿಚಿ ರಿಚಿ ಕಣಿವೆಯ ಹಿಮಯುಗಕ್ಕೆ ವಯಸ್ಸು ಕಟ್ಟಿದ್ದು ಹೇಗೆ?

ಅಡಿಲೇಡಿನ ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿಗೆ ಹೋಗಿದ್ದೆ. ಪೋರ್ಟ್ ಅಗಸ್ಟಾದಿಂದ ಕ್ವಾರ್ನ್ ಎಂಬ ಊರಿಗೆ ಹೋಗುವಾಗ ಪಿಚಿ ರಿಚಿ ಕಣಿವೆ ಸಿಗುತ್ತದೆ. ಹಳೆಯ ಉಗಿಬಂಡಿ ಇಂದಿಗೂ ಓಡುವ ದಾರಿ ಅದು. ಅಲ್ಲಿ ಕೆಂಗಂದು ಬಣ್ಣದ ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ಕುಳಿತುಬಿಟ್ಟೆ.

ಕಲ್ಲನ್ನು ಪಕ್ಕದಿಂದ ನೋಡಿದರೆ ಬರೀ ಗೆರೆಗಳು. ಒಂದೊಂದು ಗೆರೆಯೂ ಒಂದು ಮಿಲಿಮೀಟರಿನ ಆಸುಪಾಸು. ಉಗುರು ಆನಿಸಿ ಎಣಿಸಿದೆ. ಹನ್ನೊಂದು ಗೆರೆಯಾದ ಮೇಲೆ ತುಸು ಕಪ್ಪಾದ ಒಂದು ಗೆರೆ ಬಂತು. ಮತ್ತೆ ಹನ್ನೆರಡು ಗೆರೆ, ಮತ್ತೆ ಕಪ್ಪು. ಪ್ರತಿ ಗುಂಪಿನಲ್ಲೂ ನಡುವಿನ ಗೆರೆಗಳು ದಪ್ಪಗಿವೆ, ಕಪ್ಪು ಗೆರೆಯ ಹತ್ತಿರ ಬಂದಂತೆ ತೆಳುವಾಗುತ್ತವೆ. ಹೀಗೆಯೇ ಕೆಳಗಿನಿಂದ ಮೇಲಿನವರೆಗೆ.

ಜೊತೆಗಿದ್ದ ಮಾರ್ಗದರ್ಶಕರು ಎರಡು ಮಾತು ಹೇಳಿದರು. ಇದು 63.5 ಕೋಟಿ ವರ್ಷಗಳ ಹಿಂದಿನ ಹಿಮಯುಗದ ಹೂಳು ಎನ್ನುವುದು ಒಂದು. ಆಗ ಈ ನೆಲ ಭೂಮಧ್ಯರೇಖೆಯ ಮಗ್ಗುಲಲ್ಲೇ ಇತ್ತು, ಅದನ್ನು ಕಲ್ಲಿನೊಳಗಿನ ಕಾಂತತ್ವ ಹೇಳುತ್ತದೆ ಎನ್ನುವುದು ಇನ್ನೊಂದು. ಅಂದಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. 63.5 ಕೋಟಿ ಎನ್ನುವುದು ಈ ಗೆರೆಗಳನ್ನು ಎಣಿಸಿ ಬಂದ ಸಂಖ್ಯೆಯೇ? ಭೂಮಧ್ಯರೇಖೆಯ ಬಳಿ ಸಮುದ್ರಮಟ್ಟದಲ್ಲಿ ಹಿಮ ಇರುವುದು ಸಾಧ್ಯವೇ? ತಿಳಿದವರು ಬಿಡಿಸಿ ಹೇಳಬೇಕು.

ಕಲ್ಲು ಓದುವವನು

ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು ನಾನು. ನೀವು ಕುಳಿತದ್ದು ಎಲಟಿನಾ ಶಿಲಾಸ್ತರದ ಮುಂದೆ. ಆ ಕಲ್ಲಿನ ಮುಂದೆ ಕೂರಬೇಕೆಂಬ ಆಸೆ ನನಗೆ ಇಂದಿಗೂ ಇದೆ.

ಮೊದಲ ಪ್ರಶ್ನೆಗೆ ನೇರ ಉತ್ತರ: ಅಲ್ಲ. ಗೆರೆ ಎಣಿಸಿದರೆ ಎಷ್ಟು ಕಾಲ ಹಿಡಿಯಿತು ಎಂಬುದು ಸಿಗುತ್ತದೆ, ಯಾವಾಗ ಎಂಬುದು ಸಿಗುವುದಿಲ್ಲ. ಸ್ವೀಡನ್ನಿನ ಯೆರಾರ್ಡ್ ಡೇ ಯೇರ್ ಹಿಮನದಿಯ ಮುಂದಿನ ಸರೋವರಗಳ ಜೇಡಿಮಣ್ಣನ್ನು ಹೀಗೆಯೇ ಎಣಿಸಿದರು. ಬೇಸಿಗೆಯಲ್ಲಿ ಹಿಮ ಕರಗಿ ಬರುವ ನೀರು ಮರಳು, ನುಣ್ಣನೆಯ ಹೂಳು ತಂದು ಹಾಕುತ್ತದೆ. ಚಳಿಗಾಲದಲ್ಲಿ ಮೇಲೆ ನೀರು ಹೆಪ್ಪುಗಟ್ಟಿದಾಗ ಕೆಳಗಿನ ನಿಶ್ಚಲ ನೀರಿನಲ್ಲಿ ತೀರಾ ಸಣ್ಣ ಜೇಡಿ ತಳಕ್ಕಿಳಿಯುತ್ತದೆ. ತಿಳಿ ಗೆರೆ, ಕಪ್ಪು ಗೆರೆ ಸೇರಿದರೆ ಒಂದು ವರ್ಷ. ಒಂದು ಹೊಂಡದ ಗೆರೆಗಳನ್ನು ಪಕ್ಕದ ಹೊಂಡದ ಗೆರೆಗಳ ಜೊತೆ ಹೊಂದಿಸುತ್ತಾ ಅವರು ಸುಮಾರು 12,000 ವರ್ಷಗಳ ಲೆಕ್ಕ ಕಟ್ಟಿ, 1910ರಲ್ಲಿ ಸ್ಟಾಕ್‌ಹೋಮ್‌ನ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದ ಮುಂದಿಟ್ಟರು. ಅಲ್ಲಿ ಎಣಿಕೆಯ ಒಂದು ತುದಿ ನಮ್ಮ ಕಾಲದವರೆಗೆ ಬಂದು ಮುಟ್ಟುತ್ತದೆ. ಎಲಟಿನಾಗೆ ಅಂಥ ತುದಿ ಇಲ್ಲ. ಅದು ಮೊದಲ ಪುಟವೂ ಕೊನೆಯ ಪುಟವೂ ಹರಿದುಹೋದ ದಿನಚರಿ.

ಈ ಕಲ್ಲಿನ ಗೆರೆಗಳನ್ನು ಮೊದಲು ತಪ್ಪಾಗಿ ಓದಲಾಗಿತ್ತು ಎನ್ನುವುದನ್ನೂ ಹೇಳಬೇಕು. ಆಸ್ಟ್ರೇಲಿಯಾದ ಭೂವಿಜ್ಞಾನಿ ಜಾರ್ಜ್ ವಿಲಿಯಮ್ಸ್ 1980ರ ದಶಕದ ಮೊದಲಲ್ಲಿ ಒಂದು ಗೆರೆಗೆ ಒಂದು ವರ್ಷ ಎಂದು ಹಿಡಿದರು. ಗುಂಪಿಗೆ ಹನ್ನೊಂದು, ಹನ್ನೆರಡು ಗೆರೆ ಬರುವುದರಿಂದ ಇದು ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರ ಎಂದು ತೋರಿತು. ಬಿಸಿಲಿನ ಏರಿಳಿತಕ್ಕೆ ತಕ್ಕಂತೆ ಹಿಮ ಕರಗಿ ಗೆರೆ ದಪ್ಪವಾಗಿದೆ ಎಂಬುದು ಆಗಿನ ವಿವರಣೆ. ಸೌರವಿಜ್ಞಾನಿಗಳೂ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು.

ಅಘನಾಶಿನಿ ದಂಡೆ

ಸರ್, ನಾನು ವಿಜ್ಞಾನ ಓದಿದವಳಲ್ಲ. ಕುಮಟಾ ಕಡೆಯವಳು, ನಮ್ಮದು ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ. ಆದರೆ ಅಡಿಲೇಡಿನವರ ವರ್ಣನೆ ಓದಿದ ಕೂಡಲೇ ನನಗೆ ಸೂರ್ಯ ನೆನಪಾಗಲಿಲ್ಲ, ಚಂದ್ರ ನೆನಪಾದ.

ನದಿಯ ಬಾಯಿಯಲ್ಲಿ ಬೆಳೆದವರಿಗೆ ಇದು ಯಾರೂ ಕಲಿಸಬೇಕಾದ ವಿಷಯವಲ್ಲ. ಹುಣ್ಣಿಮೆಗೆ, ಅಮಾವಾಸ್ಯೆಗೆ ಉಬ್ಬರ ದೊಡ್ಡದು. ನೀರು ಬಲವಾಗಿ ನುಗ್ಗಿ ಬಲವಾಗಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ನೀರಿಗೆ ಕಸುವೇ ಇರುವುದಿಲ್ಲ. ತೂಬಿನ ಬಾಯಲ್ಲಿ ಹುಣ್ಣಿಮೆಯ ದಿನಗಳಲ್ಲಿ ಮರಳು ಬೀಳುತ್ತದೆ, ಅಷ್ಟಮಿಯ ದಿನಗಳಲ್ಲಿ ಕರಿ ಕೆಸರು ಮಾತ್ರ ಸಣ್ಣಗೆ ಕೂರುತ್ತದೆ. ನಡುವೆ ದಪ್ಪ, ಎರಡೂ ಕಡೆ ತೆಳು, ಆಮೇಲೆ ಒಂದು ಕಪ್ಪು. ಅದು ಒಂದು ಪಕ್ಷ ಅಲ್ಲವೇ? ಅಷ್ಟಮಿಯಿಂದ ಅಷ್ಟಮಿಗೆ?

ಕಲ್ಲು ಓದುವವನು

ಅಮ್ಮಾ, ಓದಿ ಎದ್ದು ನಿಂತೆ. ನೀವು ಹೇಳಿದ್ದೇ ಸರಿ. 1980ರ ದಶಕದ ಕೊನೆಗೆ ವಿಲಿಯಮ್ಸ್ ಅವರೇ ತಮ್ಮ ಮೊದಲಿನ ಓದನ್ನು ಕೈಬಿಟ್ಟು ಇದು ಉಬ್ಬರವಿಳಿತದ ಹೂಳು ಎಂಬ ತೀರ್ಮಾನಕ್ಕೆ ಬಂದರು. ತಾನು ಹೆಸರು ಮಾಡಿದ ವಾದವನ್ನು ತಾನೇ ಬಿಟ್ಟುಕೊಟ್ಟ ಆ ಪ್ರಾಮಾಣಿಕತೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಲೆಕ್ಕ ಹೇಗೆ ಬುಡಮೇಲಾಯಿತು ನೋಡಿ. ಪಿಚಿ ರಿಚಿಯಲ್ಲಿ ಕೊಳವೆ ಕೊರೆದು ತೆಗೆದ ಕಲ್ಲಿನಲ್ಲಿ ಇಂಥ 1,580 ಗುಂಪುಗಳು ಒಂದರ ಮೇಲೊಂದು ಎಡೆಬಿಡದೆ ಸಿಕ್ಕವು. ಗೆರೆಗೆ ಒಂದು ವರ್ಷ ಎಂದು ಹಿಡಿದು ಗುಂಪಿಗೆ ಹನ್ನೆರಡರಂತೆ ಗುಣಿಸಿದರೆ ಸುಮಾರು 19,000 ವರ್ಷ. ಗುಂಪಿಗೆ ಒಂದು ಪಕ್ಷ ಎಂದು ಹಿಡಿದರೆ ಸುಮಾರು 60 ವರ್ಷ. ಅದೇ ಕಲ್ಲು, ಅದೇ ಸುಮಾರು 10 ಮೀಟರ್ ದಪ್ಪ.

ಸಂಶಯಪ್ರಿಯ

ಕ್ಷಮಿಸಿ, ಇದನ್ನು ಸುಮ್ಮನೆ ಒಪ್ಪಲಾರೆ. 19,000 ಎಂದವರೇ 60 ಎಂದರೆ ನಾಳೆ ಇನ್ನೇನೋ ಹೇಳಬಹುದು. ಪಕ್ಷಕ್ಕೆ ಹದಿನೈದು ದಿನ ಇರಬೇಕಲ್ಲ, ಹನ್ನೊಂದೇ ಗೆರೆ ಏಕೆ?

ಕಲ್ಲು ಓದುವವನು

ಹನ್ನೊಂದೇ ಏಕೆ ಎನ್ನುವುದಕ್ಕೆ ಉತ್ತರ ಅಘನಾಶಿನಿಯವರ ಮಾತಿನಲ್ಲೇ ಇದೆ. ಅಷ್ಟಮಿಯ ಆಚೀಚೆಯ ದಿನಗಳಲ್ಲಿ ಇಳಿಯುವ ನೀರಿಗೆ ಮರಳನ್ನು ಕಡಲೊಳಗೆ ಹೊತ್ತೊಯ್ಯುವ ಶಕ್ತಿ ಇರಲಿಲ್ಲ. ಆ ನಾಲ್ಕು ದಿನಗಳಿಗೆ ಗೆರೆಯೇ ಬೀಳಲಿಲ್ಲ, ಕೆಸರಿನ ತೆಳು ಪೊರೆಯೊಂದೇ ಉಳಿಯಿತು.

ಎರಡನೆಯದಾಗಿ, ಗುಂಪುಗಳ ದಪ್ಪವನ್ನು ಸಾಲಾಗಿ ಅಳೆದರೆ ಇನ್ನೂ ದೊಡ್ಡ ಚಕ್ರವೊಂದು ಕಾಣುತ್ತದೆ. ಸುಮಾರು 26 ಗುಂಪಿಗೊಮ್ಮೆ ಅದೇ ಏರಿಳಿತ ಮರಳುತ್ತದೆ. ಅದು ವರ್ಷ. ಒಂದು ಪಕ್ಷ ದಪ್ಪ, ಮರುಪಕ್ಷ ತೆಳು ಎನ್ನುವ ಜೋಡಿಯೂ ಇದೆ, ಚಂದ್ರ ಭೂಮಿಗೆ ಹತ್ತಿರ ಬಂದಾಗ ಉಬ್ಬರ ಹೆಚ್ಚುವುದು ಅದಕ್ಕೆ ಕಾರಣ. ಮೂರನೆಯದಾಗಿ, ಅಡಿಲೇಡಿನ ಹತ್ತಿರವೇ ರೆನೆಲ್ಲಾ ಎಂಬಲ್ಲಿ ಸಿಗುವ ಇದೇ ಕಾಲದ ಹೂಳುಗಲ್ಲಿನಲ್ಲಿ ದಿನಕ್ಕೆ ಎರಡು ಉಬ್ಬರದ ಗುರುತು ಜೋಡಿ ಗೆರೆಗಳಾಗಿ ಉಳಿದಿದೆ.

ಇವನ್ನೆಲ್ಲ ಸೇರಿಸಿ ವಿಲಿಯಮ್ಸ್ ಕಟ್ಟಿದ ಪಂಚಾಂಗ ಇದು: ಅಂದಿನ ವರ್ಷಕ್ಕೆ 13.1 ಚಾಂದ್ರಮಾಸ, ಸುಮಾರು 400 ದಿನ, ದಿನಕ್ಕೆ 21.9 ಗಂಟೆ. ಪರೀಕ್ಷೆ ನೀವೇ ಮಾಡಬಹುದು. 400ನ್ನು 21.9ರಿಂದ ಗುಣಿಸಿ. 8,760 ಗಂಟೆ. ಈಗಿನ 365ನ್ನು 24ರಿಂದ ಗುಣಿಸಿ. ಅದೇ 8,760. ಭೂಮಿ ಸೂರ್ಯನನ್ನು ಸುತ್ತುವ ಕಾಲ ಬದಲಾಗಿಲ್ಲ, ತನ್ನ ಸುತ್ತ ತಿರುಗುವ ವೇಗ ಇಳಿದಿದೆ. ಉಬ್ಬರದ ಘರ್ಷಣೆ ಭೂಮಿಯನ್ನು ನಿಧಾನಿಸುತ್ತಾ ಚಂದ್ರನನ್ನು ದೂರ ತಳ್ಳುತ್ತಾ ಬಂದಿದೆ. ಈಗ ಅವನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಆ ಕಲ್ಲಿನ ಕಾಲದಿಂದ ಇಂದಿನವರೆಗಿನ ಸರಾಸರಿ ಸುಮಾರು 2.2 ಸೆಂಟಿಮೀಟರ್ ಎಂದು ಈ ಗೆರೆಗಳಿಂದ ತಿಳಿಯಿತು.

ಸಂಡೂರು ಅದಿರು

ಪದರದ ಕಥೆ ಕೇಳಿ ಮನಸ್ಸು ತುಂಬಿತು. ನಾನು ಗಣಿಯಲ್ಲಿ ಸರ್ವೆ ಕೆಲಸ ಮಾಡುವವನು. ಪಟ್ಟೆ ಪಟ್ಟೆಯಾದ ಕಬ್ಬಿಣದ ಕಲ್ಲಿನ ನಡುವೆಯೇ ನನ್ನ ದಿನ ಕಳೆಯುತ್ತದೆ. ಕಾಂತತ್ವದ ಭಾಗ ಕೇಳಬೇಕು. ಆ ಕಲ್ಲು ಕೆಂಪಗಿದೆ ಎಂದರೆ ಅದರಲ್ಲಿರುವುದು ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಖನಿಜ. ನಮ್ಮಲ್ಲಿ ಕಬ್ಬಿಣದ್ದೇ ಇನ್ನೊಂದು ಖನಿಜವಾದ ಮ್ಯಾಗ್ನೆಟೈಟ್ ಇರುವ ಕಡೆ ದಿಕ್ಸೂಚಿಯ ಮುಳ್ಳು ಅಲುಗಾಡುತ್ತದೆ, ಆದರೆ ಹೆಮಟೈಟ್‌ಗೆ ಸೂಜಿಗಲ್ಲು ಹಿಡಿದರೆ ಅಷ್ಟಾಗಿ ಅಂಟುವುದಿಲ್ಲ. ಅಂಥ ದುರ್ಬಲ ವಸ್ತು 63 ಕೋಟಿ ವರ್ಷ ನೆನಪು ಹೇಗೆ ಉಳಿಸಿಕೊಂಡಿತು?

ಕಲ್ಲು ಓದುವವನು

ಒಳ್ಳೆಯ ಪ್ರಶ್ನೆ. ಹೆಮಟೈಟ್‌ನ ಕಾಂತತ್ವ ದುರ್ಬಲ, ಆದರೆ ಹಟಮಾರಿ. ಒಮ್ಮೆ ಹಿಡಿದ ದಿಕ್ಕನ್ನು ಸುಲಭವಾಗಿ ಬಿಡುವುದಿಲ್ಲ. ಮ್ಯಾಗ್ನೆಟೈಟ್ 580 ಡಿಗ್ರಿ ಸೆಲ್ಸಿಯಸ್‌ಗೆ ನೆನಪು ಕಳೆದುಕೊಂಡರೆ ಹೆಮಟೈಟ್ ಸುಮಾರು 675 ಡಿಗ್ರಿಯವರೆಗೆ ಹಿಡಿದಿಡುತ್ತದೆ.

ಕೆಲಸ ನಡೆಯುವುದು ಹೀಗೆ. ಬಂಡೆಯಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲದ ಸಣ್ಣ ಉರುಳೆ ಕೊರೆಯುತ್ತಾರೆ. ಹೊರತೆಗೆಯುವ ಮೊದಲು ಅದರ ಮೇಲೆ ದಿಕ್ಕನ್ನೂ ಓರೆಯನ್ನೂ ಗೀಚಿಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಿ ಭೂಮಿಯ ಕಾಂತಕ್ಷೇತ್ರ ತಾಗದಂತೆ ಮರೆಮಾಡಿದ ಕುಲುಮೆಯಲ್ಲಿ ಅದನ್ನು ಕಾಯಿಸಿ, ತಣಿಸಿ, ಅಳೆಯುತ್ತಾರೆ. ಮತ್ತೆ ಇನ್ನಷ್ಟು ಕಾಯಿಸಿ ಅಳೆಯುತ್ತಾರೆ. ಇತ್ತೀಚಿನ ಕಾಲದಲ್ಲಿ ಮೇಲೆ ಹತ್ತಿದ ಕಾಂತತ್ವ ಕಡಿಮೆ ಬಿಸಿಗೇ ಕಳಚಿ ಹೋಗುತ್ತದೆ. ಕೊನೆಗೆ ಉಳಿಯುವುದೇ ಹಳೆಯದು.

ಆ ಹಳೆಯ ಕಾಂತತ್ವದ ದಿಕ್ಕನ್ನು ಒಂದು ಬಾಣ ಎಂದುಕೊಳ್ಳಿ. ಆ ಬಾಣ ನೆಲಕ್ಕೆ ಎಷ್ಟು ಓರೆಯಾಗಿದೆ ಎಂಬುದರಿಂದ ಅಕ್ಷಾಂಶ ಸಿಗುತ್ತದೆ. ಕಾಂತಧ್ರುವದಲ್ಲಿ ಸೂಜಿ ನೆಟ್ಟಗೆ ನೆಲ ನೋಡುತ್ತದೆ, ಕಾಂತೀಯ ಸಮಭಾಜಕದ ಮೇಲೆ ಅಡ್ಡ ಮಲಗುತ್ತದೆ. ಅಂಥ ಜಾಗ ನಮಗೆ ದೂರವಿಲ್ಲ. ತಿರುವನಂತಪುರದ ಬಳಿ ತುಂಬಾದಲ್ಲಿ 1963ರಲ್ಲಿ ರಾಕೆಟ್ ಉಡಾವಣೆ ಆರಂಭಿಸಿದ್ದು ಕಾಂತೀಯ ಸಮಭಾಜಕ ಅಲ್ಲೇ ಹಾದುಹೋಗುತ್ತದೆ ಎಂಬ ಕಾರಣಕ್ಕೆ. ಎಂಬಲ್ಟನ್ ಮತ್ತು ವಿಲಿಯಮ್ಸ್ 1986ರಲ್ಲಿ ಎಲಟಿನಾದ ಬಾಣಗಳನ್ನು ಅಳೆದಾಗ ಅವು ಹೆಚ್ಚುಕಡಿಮೆ ಅಡ್ಡ ಮಲಗಿದ್ದವು. ಲೆಕ್ಕ ಹಾಕಿದರೆ ಸಮಭಾಜಕದಿಂದ ಐದು ಡಿಗ್ರಿಯ ಆಸುಪಾಸು.

ಸಂಶಯಪ್ರಿಯ

ಇಲ್ಲಿಯೇ ನನ್ನ ಮುಖ್ಯ ತಕರಾರು. ಆ ಖಂಡ ಮುಂದೆ ಅಲೆಯುತ್ತಾ ಯಾವುದೋ ಕಾಲದಲ್ಲಿ ಸಮಭಾಜಕ ದಾಟುವಾಗ, ಅಂತರ್ಜಲ ಹರಿದು, ಕಬ್ಬಿಣ ತುಕ್ಕು ಹಿಡಿದು ಹೊಸ ಹೆಮಟೈಟ್ ಬೆಳೆದಿರಬಹುದು. ಆಗ ಬಾಣ ಹಿಮದ ಕಾಲದ್ದಲ್ಲ, ತುಕ್ಕಿನ ಕಾಲದ್ದು.

ಕಲ್ಲು ಓದುವವನು

ಇದೇ ಸಂಶಯ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿದ್ದ ಜೋಸೆಫ್ ಕಿರ್ಶ್‌ವಿಂಕ್ ಅವರಿಗೂ ಇತ್ತು. ಈ ಫಲಿತಾಂಶ ತಪ್ಪಿರಬೇಕು ಎಂಬ ಅನುಮಾನದಿಂದಲೇ ಪರೀಕ್ಷೆಗೆ ಇಳಿದರು. ಪರೀಕ್ಷೆ ಮಾಡಿದ್ದು ಆಗಿನ್ನೂ ಪದವಿ ವಿದ್ಯಾರ್ಥಿನಿಯಾಗಿದ್ದ ಡಾನ್ ಸಮ್ನರ್. ಪಿಚಿ ರಿಚಿಯ ಈ ಗೆರೆಗಲ್ಲಿನಲ್ಲಿ ಅಲ್ಲಲ್ಲಿ ಮಡಿಕೆಗಳಿವೆ. ಬೆಟ್ಟ ಏಳುವಾಗ ಬಿದ್ದ ಮಡಿಕೆಗಳಲ್ಲ, ಕೆಸರು ಇನ್ನೂ ಹಸಿಯಾಗಿರುವಾಗಲೇ ಇಳಿಜಾರಿನಲ್ಲಿ ಜಾರಿ ಮುದುಡಿದವು. ಬಾಣಗಳು ಆ ಮಡಿಕೆಯ ಜೊತೆ ತಿರುಗಿವೆಯೇ ಇಲ್ಲವೇ ಎಂಬುದೇ ಪ್ರಶ್ನೆ. ತಿರುಗಿದ್ದವು. 1987ರಲ್ಲಿ ಸಮ್ನರ್, ಕಿರ್ಶ್‌ವಿಂಕ್ ಮತ್ತು ಬ್ರೂಸ್ ರನೆಗರ್ ಇದನ್ನು ವರದಿ ಮಾಡಿದರು. 1991ರಲ್ಲಿ ಸ್ಮಿಟ್, ವಿಲಿಯಮ್ಸ್, ಎಂಬಲ್ಟನ್ ಬೇರೆಯಾಗಿ ನಡೆಸಿದ ಮಡಿಕೆ ಪರೀಕ್ಷೆಯೂ ಕಾಂತತ್ವ ತೀರಾ ಬೇಗ ಕೂತಿದೆ ಎಂದಿತು. ಮಡಿಕೆ ಬೀಳುವ ಮೊದಲು, ಇಲ್ಲವೇ ಬೀಳುತ್ತಿರುವಾಗಲೇ. ಹಸಿ ಕೆಸರು ತುಕ್ಕಿನ ಕಾಲದವರೆಗೆ ಕಾಯುವುದಿಲ್ಲ.

ಒಂಬತ್ತನೇ ತರಗತಿಯ ವಿಜ್ಞಾನ

ಮೇಲಿನ ಉತ್ತರ ಓದಿ ಇವತ್ತು ತರಗತಿಯಲ್ಲಿ ಮಾಡಿ ನೋಡಿದೆ, ಹಂಚಿಕೊಳ್ಳಲೇಬೇಕು. ಹತ್ತು ಹಳೆಯ ಪತ್ರಿಕೆಯ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಂಚಿನ ಮೇಲೆ ಉದ್ದಕ್ಕೂ ಎಡದಿಂದ ಬಲಕ್ಕೆ ಸಣ್ಣ ಬಾಣಗಳನ್ನು ಎಳೆಯಲು ಮಕ್ಕಳಿಗೆ ಹೇಳಿದೆ. ಆಮೇಲೆ ಕಟ್ಟನ್ನು ನಡುವೆ ಉಬ್ಬುವಂತೆ ಎರಡೂ ಬದಿಯಿಂದ ಒತ್ತಿದೆವು. ಎಡಗಡೆಯ ಬಾಣಗಳು ಆಕಾಶ ನೋಡಿದವು, ಬಲಗಡೆಯವು ನೆಲ ನೋಡಿದವು. ಬಿಡಿಸಿದಾಗ ಎಲ್ಲವೂ ಮತ್ತೆ ಒಂದೇ ದಿಕ್ಕಿಗೆ. ಇನ್ನೊಂದು ಕಟ್ಟನ್ನು ಮೊದಲು ಉಬ್ಬಿಸಿ, ಉಬ್ಬಿದ ಮೇಲೆ ನೇರ ಬಾಣ ಎಳೆದೆವು. ಅದನ್ನು ಬಿಡಿಸಿದಾಗ ಬಾಣಗಳು ದಿಕ್ಕಾಪಾಲು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಹಾಗಾದರೆ ಬಾಣ ಮೊದಲೋ ಮಡಿಕೆ ಮೊದಲೋ ಎಂದು ಕಲ್ಲನ್ನೇ ಕೇಳಬಹುದು" ಎಂದಳು. ಇಪ್ಪತ್ತು ನಿಮಿಷದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಫಲ ನಾನು ಕಂಡಿಲ್ಲ.

ನನ್ನದೂ ಒಂದು ಪ್ರಶ್ನೆ. ನಮ್ಮ ದೇಶದ ತಾಲ್ಚೇರ್ ಗುಂಡುಗಲ್ಲಿನ ಪದರವೂ ಹಿಮಯುಗದ್ದೇ ಎಂದು ಪುಸ್ತಕದಲ್ಲಿದೆ. ಅದೂ ಇದೇ ಕಾಲದ್ದೇ?

ಕಲ್ಲು ಓದುವವನು

ಅಲ್ಲ. ಒಡಿಶಾದ ತಾಲ್ಚೇರ್ ಗುಂಡುಗಲ್ಲುಗಳಿಗೆ ಹಿಮ ಕಾರಣ ಎಂದು ಬ್ಲಾನ್‌ಫರ್ಡ್ ಸಹೋದರರು 1856ರಲ್ಲೇ ಸೂಚಿಸಿದ್ದರು. ಆದರೆ ಅದರ ವಯಸ್ಸು ಸುಮಾರು 30 ಕೋಟಿ ವರ್ಷ, ಆಗ ಭಾರತ ದಕ್ಷಿಣ ಧ್ರುವದ ಕಡೆಗಿತ್ತು. ಅಲ್ಲಿ ಹಿಮ ಇದ್ದದ್ದು ಆಶ್ಚರ್ಯವಲ್ಲ. ಎಲಟಿನಾದ ಸಮಕಾಲೀನವನ್ನು ನಮ್ಮಲ್ಲಿ ಹುಡುಕುವುದಾದರೆ ಹಿಮಾಲಯದ ಕೆಳಸಾಲಿನ ಬ್ಲೈನಿ ಶಿಲಾಸ್ತರಕ್ಕೆ ಹೋಗಬೇಕು. ಅಲ್ಲಿ ಹಿಮದ ಗುಂಡುಗಲ್ಲಿನ ಮೇಲೆ ನಸುಗೆಂಪು ಡೋಲಮೈಟ್, ಅಂದರೆ ಸುಣ್ಣಕಲ್ಲಿನ ಜಾತಿಯ ಕಲ್ಲು, ಕೂತಿದೆ. ಆ ಡೋಲಮೈಟ್ ಮುಂದೆ ಬೇಕಾಗುತ್ತದೆ, ನೆನಪಿಡಿ.

ಅಡಿಲೇಡಿನ ಅಲೆಮಾರಿ

ಪದರ 60 ವರ್ಷ ಹೇಳುತ್ತದೆ, ಬಾಣ ಜಾಗ ಹೇಳುತ್ತದೆ. ಹಾಗಾದರೆ ಹಿಮಯುಗ ಎಷ್ಟು ಕಾಲ ಇತ್ತು? 63.5 ಕೋಟಿ ಎಲ್ಲಿಂದ ಬಂತು?

ಕಲ್ಲು ಓದುವವನು

ಒಂದೊಂದಾಗಿ ಹೇಳುತ್ತೇನೆ.

ಎಷ್ಟು ಕಾಲ ಎನ್ನುವುದಕ್ಕೂ ಕಾಂತತ್ವವೇ ಸಾಕ್ಷಿ. ಭೂಮಿಯ ಉತ್ತರ ದಕ್ಷಿಣ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. ಕೊನೆಯ ಬಾರಿ ಹಾಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಇತ್ತೀಚಿನ ಹಿಮಯುಗಗಳ ಹೂಳಿನಲ್ಲಿ ಆ ತಿರುವು ಸಿಕ್ಕರೆ ಅದೇ ತಾರೀಖು. 1999ರಲ್ಲಿ ಸೋಲ್, ಕ್ರಿಸ್ಟಿ-ಬ್ಲಿಕ್, ಕೆಂಟ್ ಎಂಬ ಮೂವರು ಎಲಟಿನಾ ಶಿಲಾಸ್ತರದ ಕೆಳಗಿನಿಂದ ಮೇಲಿನವರೆಗೆ ಮಾದರಿ ತೆಗೆದಾಗ ಬಾಣ ಒಂದಕ್ಕಿಂತ ಹೆಚ್ಚು ಬಾರಿ ತಲೆಕೆಳಗಾಗಿರುವುದು ಕಂಡಿತು. ಧ್ರುವ ತಿರುಗುವುದು ಒಂದು ಮನುಷ್ಯ ಜನ್ಮದಲ್ಲಿ ಆಗುವ ಕೆಲಸವಲ್ಲ, ಒಂದು ತಿರುವಿಗೇ ಸಾವಿರಾರು ವರ್ಷ ಬೇಕು, ಎರಡು ತಿರುವುಗಳ ನಡುವೆ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಸಮಭಾಜಕದ ಬಳಿ ಹಿಮ ಇದ್ದದ್ದು ಕನಿಷ್ಠ ಕೆಲವು ಲಕ್ಷ ವರ್ಷ. ಎರಡು ದಿಕ್ಕಿನ ಬಾಣಗಳೂ ಸಿಕ್ಕಿದ್ದರಿಂದ ಸಂಶಯಪ್ರಿಯರ ತಕರಾರಿಗೂ ಇನ್ನೊಂದು ಉತ್ತರ ಸಿಕ್ಕಿತು. ಮುಂದೊಂದು ದಿನ ಒಮ್ಮೆಲೇ ತುಕ್ಕು ಹಿಡಿದಿದ್ದರೆ ಎಲ್ಲ ಬಾಣಗಳೂ ಒಂದೇ ಕಡೆಗೆ ಇರುತ್ತಿದ್ದವು.

60 ವರ್ಷವೂ ನಿಜ, ಲಕ್ಷಾಂತರ ವರ್ಷವೂ ನಿಜ. ನೀವು ಎಣಿಸಿದ ಗೆರೆಗಳು ಕೆಸರು ಧಾರಾಳವಾಗಿ ಬೀಳುತ್ತಿದ್ದ ಒಂದು ಅಲ್ಪಕಾಲದವು. ಉಳಿದ ಕಾಲವೆಲ್ಲ ಗೆರೆಯಿಲ್ಲದ ಮರಳುಗಲ್ಲಿನಲ್ಲಿ, ಏನೂ ಬೀಳದೆ ಸವೆದುಹೋದ ಸಂದುಗಳಲ್ಲಿ ಅಡಗಿದೆ. ವಿದ್ಯಾರ್ಥಿಗಳಿಗೆ ನಾನು ಬಹಳ ಒತ್ತಿ ಹೇಳುತ್ತಿದ್ದದ್ದು ಇದನ್ನೇ: ಕಲ್ಲಿನ ದಪ್ಪ ನೋಡಿ ಕಾಲ ಅಳೆಯಬೇಡಿ.

ಇನ್ನು 63.5 ಕೋಟಿ. ಅಷ್ಟು ಹಿಂದಕ್ಕೆ ಕಾಂತೀಯ ತಿರುವುಗಳ ಪೂರ್ಣ ಪಟ್ಟಿ ನಮ್ಮ ಬಳಿ ಇಲ್ಲ, ಏಕೆಂದರೆ ಪಟ್ಟಿ ಬರೆದಿಡುವ ಸಾಗರತಳವೇ ಸುಮಾರು 18 ಕೋಟಿ ವರ್ಷಕ್ಕಿಂತ ಹಳೆಯದು ಹೆಚ್ಚಾಗಿ ಉಳಿದಿಲ್ಲ. ಆದ್ದರಿಂದ ಎಲಟಿನಾದ ವಯಸ್ಸು ಎರವಲು ಬಂದದ್ದು. ಅದರ ಮೇಲೆ ನುಕಲೀನಾ ಎಂಬ ತೆಳು ಡೋಲಮೈಟ್ ಪದರವಿದೆ. ಹಿಮದ ಹೂಳು ಮುಗಿದ ಕೂಡಲೇ ಇಂಥದೇ ಡೋಲಮೈಟ್ ಹೊದಿಕೆ ನಮೀಬಿಯಾದಲ್ಲಿದೆ, ಚೀನಾದಲ್ಲಿದೆ, ಬ್ಲೈನಿಯಲ್ಲೂ ಇದೆ. ಅದೃಷ್ಟಕ್ಕೆ ಕೆಲವು ಕಡೆ ಅದರ ಆಸುಪಾಸಿನಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದಿದೆ. ಬೂದಿಯಲ್ಲಿನ ಜಿರ್ಕಾನ್ ಹರಳುಗಳೊಳಗೆ ಯುರೇನಿಯಂ ಸೀಸವಾಗುತ್ತಾ ಬಂದ ಪ್ರಮಾಣವನ್ನು ಅಳೆದು ನಮೀಬಿಯಾದಲ್ಲಿ 2004ರಲ್ಲಿ 63.55 ಕೋಟಿ, ಚೀನಾದಲ್ಲಿ 2005ರಲ್ಲಿ 63.52 ಕೋಟಿ, ಟಾಸ್ಮೇನಿಯಾ ಬಳಿಯ ಕಿಂಗ್ ದ್ವೀಪದಲ್ಲಿ 2013ರಲ್ಲಿ 63.64 ಕೋಟಿ ವರ್ಷ ಎಂದು ಪಡೆದರು.

ಸಂಶಯಪ್ರಿಯ

ಎಲ್ಲ ಕಡೆಯ ಡೋಲಮೈಟ್ ಒಂದೇ ಕಾಲದ್ದು ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಇದು, ಅಲ್ಲವೇ?

ಕಲ್ಲು ಓದುವವನು

ನಂಬಿಕೆಯಾಗಿ ಆರಂಭವಾದದ್ದು ನಿಜ. ಆದರೆ ಮೂರು ಖಂಡಗಳ ಕಡೆಯಿಂದ ಬಂದ ಮೂರು ಬೂದಿಗಳು ಹನ್ನೆರಡು ಲಕ್ಷ ವರ್ಷದ ಅಂತರದೊಳಗೆ ಬಂದು ನಿಂತವು. 63 ಕೋಟಿಯಲ್ಲಿ ಹನ್ನೆರಡು ಲಕ್ಷ ಎಷ್ಟು ಸಣ್ಣದು ನೋಡಿ. ನಂಬಿಕೆ ತಪ್ಪಾಗಿದ್ದರೆ ಬಯಲಾಗಲು ಮೂರು ಅವಕಾಶಗಳಿದ್ದವು. ಅಡಿಲೇಡಿನವರೇ, ಮುಂದಿನ ಸಲ ಇನ್ನೂ ಉತ್ತರಕ್ಕೆ, ಎನೊರಾಮಾ ತೊರೆಗೆ ಹೋಗಿ. ನುಕಲೀನಾ ಪದರದ ಬುಡದಲ್ಲಿ ಬಂಡೆಗೆ ಒಂದು ಲೋಹದ ಬಿಲ್ಲೆ ಜಡಿದಿದ್ದಾರೆ. 2004ರಲ್ಲಿ, ಈ ಹಿಮಯುಗದ ಬೆನ್ನಿಗೇ ಬಂದ ಎಡಿಯಾಕರನ್ ಯುಗದ ಆರಂಭವೆಂದು ಜಗತ್ತು ಒಪ್ಪಿದ ಗುರುತು ಅದು.

ಸಂಡೂರು ಅದಿರು

ಹಾಗಾದರೆ ಇಡೀ ಭೂಮಿ ಹೆಪ್ಪುಗಟ್ಟಿತ್ತು ಎಂದೇ ಅರ್ಥವೇ?

ಕಲ್ಲು ಓದುವವನು

ಹಿಮದುಂಡೆ ಭೂಮಿ ಎಂಬ ಹೆಸರನ್ನು 1992ರಲ್ಲಿ ಕೊಟ್ಟದ್ದು ಅದೇ ಕಿರ್ಶ್‌ವಿಂಕ್. ಅನುಮಾನದಿಂದ ಆರಂಭಿಸಿದವರು ಸಾಕ್ಷಿ ಕಂಡು ಅಲ್ಲಿಗೆ ಬಂದರು. ವಿಲಿಯಮ್ಸ್ ಒಪ್ಪಲಿಲ್ಲ. ಆಗ ಭೂಮಿಯ ಅಕ್ಷ 54 ಡಿಗ್ರಿಗಿಂತ ಹೆಚ್ಚು ವಾಲಿತ್ತು, ಅದರಿಂದ ಧ್ರುವಗಳಿಗಿಂತ ಸಮಭಾಜಕವೇ ತಣ್ಣಗಿತ್ತು ಎಂಬುದು ಅವರ ವಾದ. ಮೌಂಟ್ ಗನ್ಸನ್ ತಾಮ್ರದ ಗಣಿಯಲ್ಲಿ ಅವರು ತೋರಿಸಿದ ಮರಳಿನ ಬೆಣೆಗಳು ಕಡುಚಳಿ ಮತ್ತು ಬಿಸಿಯ ದೊಡ್ಡ ಋತುಬದಲಾವಣೆಯನ್ನು ಹೇಳುತ್ತವೆ, ಸಮಭಾಜಕದಲ್ಲಿ ಅದು ಸುಲಭವಲ್ಲ. ಆದರೆ ಅಷ್ಟು ವಾಲಿದ ಭೂಮಿಯನ್ನು ಮತ್ತೆ ಎತ್ತಿ ನಿಲ್ಲಿಸುವ ಬಲ ಯಾವುದು ಎನ್ನುವುದಕ್ಕೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. ನಾನು ಹಿಮದುಂಡೆಯ ಕಡೆಗೇ ವಾಲುತ್ತೇನೆ.

ಆದರೂ ವಿಲಿಯಮ್ಸ್ ಅವರ ಒಂದು ಮಾತು ನನ್ನನ್ನು ಬಿಡುವುದಿಲ್ಲ. ಆ 60 ವರ್ಷ ಉಬ್ಬರವಿಳಿತ ಹೂಳನ್ನು ಹೊತ್ತೊಯ್ದಿದೆ ಎಂದರೆ ಆ 60 ವರ್ಷ ಆ ತೀರದಲ್ಲಿ ತೆರೆದ ನೀರಿತ್ತು. ಹಿಮ ಹಿಂದೆ ಸರಿಯುತ್ತಿದ್ದ ಕಾಲದ ಹೂಳು ಅದು ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುತ್ತದೆ, ಆದರೆ ಎಲಟಿನಾದೊಳಗೆ ಆ ಗೆರೆಗಲ್ಲಿನ ಜಾಗವನ್ನು ಕಣ್ಣಾರೆ ನೋಡದೆ ಗಟ್ಟಿಯಾಗಿ ಹೇಳಲಾರೆ.

ಅಡಿಲೇಡಿನ ಅಲೆಮಾರಿ

ಸರ್, ಬನ್ನಿ. ಕ್ವಾರ್ನ್‌ವರೆಗೆ ನಾನು ಕರೆದೊಯ್ಯುತ್ತೇನೆ. ಅಷ್ಟರಲ್ಲಿ ಮುಂದಿನ ತಿಂಗಳು ಮತ್ತೆ ಹೋಗಿ, ಗೆರೆಗಲ್ಲಿನ ಕೆಳಗೆ ಏನಿದೆ, ಮೇಲೆ ಏನಿದೆ ಎಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.

ಅಘನಾಶಿನಿ ದಂಡೆ

ನಿನ್ನೆ ಅಷ್ಟಮಿ. ಇಳಿತದ ಹೊತ್ತಿಗೆ ತೂಬಿನ ಬಾಯಲ್ಲಿ ಒಂದು ಗೇಣು ಆಳಕ್ಕೆ ಸಲಿಕೆಯಿಂದ ನೆಟ್ಟಗೆ ಕಡಿದು ನೋಡಿದೆ. ಮೇಲೆ ಕಪ್ಪು. ಅದರ ಕೆಳಗೆ ಎಣಿಸಲು ಬಂದದ್ದು ಒಂಬತ್ತು ಮರಳು ಗೆರೆ, ಆಮೇಲೆ ಮತ್ತೆ ಕಪ್ಪು. ಅದರ ಕೆಳಗೆ ಏಡಿ ಬಿಲ ತೋಡಿ ಎಲ್ಲ ಕಲಸಿಹೋಗಿತ್ತು. ಆ ಕಾಲದ ಕಡಲಲ್ಲಿ ಏಡಿ ಇರಲಿಲ್ಲವೇ ಸರ್?

ಕಲ್ಲು ಓದುವವನು

ಇರಲಿಲ್ಲ ತಾಯಿ. ಕೆಸರು ತೋಡುವ ಒಂದು ಜೀವಿಯೂ ಆಗಿನ್ನೂ ಹುಟ್ಟಿರಲಿಲ್ಲ. ಅದಕ್ಕೇ ಆ 1,580 ಪಕ್ಷಗಳು ಬಿದ್ದಂತೆಯೇ ಉಳಿದವು.